ಸೊಲ್ಲೆತ್ತುವವಳು

ಸಂಕ್ರಾಂತಿಯ ಗಾಳಿಪಟಗಳು ಕರೆಂಟಿನ ತಂತಿಗಳಲ್ಲಿ ಇನ್ನೂ ಸಿಕ್ಕಿಕೊಂಡು ನೇತಾಡುತ್ತಿದ್ದವು. ಅಷ್ಟರಲ್ಲೇ ಓಧವನ ಮನೆಯಲ್ಲಿ ಮಗಳ ಮದುವೆಯ ಹಪ್ಪಳ ಶುರುವಾಯಿತು. ಕಾಠಿಯಾವಾಡದ ಸಿಹೋರು ಊರಿನ ನಮ್ಮ ಕಂಚುಗಾರರ ಓಣಿಯಲ್ಲಿ ಯಾರ ಮನೆಯ ಹಪ್ಪಳವಾದರೂ ಹೆಂಗಸರೆಲ್ಲ ತಂತಮ್ಮ ಮಣೆ ಲಟ್ಟಣಿಗೆ ಹಿಡಿದುಕೊಂಡು ಹೋಗಬೇಕು. ನಾನೂ ಹೋದೆ. ನಾನು ರಳಿಯಾತ್, ಓಧವನ ಪಕ್ಕದ ಮನೆಯವಳು. ನನ್ನ ಗಂಡನದು ಹಲ್ಲಿಗೆ ಉಜ್ಜುವ ನಶ್ಯದ ಅಂಗಡಿ. ನನ್ನ ಹಲ್ಲು ನೋಡಿದರೆ ಯಾರಿಗೂ ಅದನ್ನು ಬೇರೆ ಹೇಳಬೇಕಾಗಿಲ್ಲ.

ಹನ್ನೆರಡು ಹೆಂಗಸರು ಅಂಗಳದಲ್ಲಿ ಸುತ್ತ ಕೂತೆವು. ಹಿಟ್ಟು ಹದವಾಗಿತ್ತು, ಬಿಸಿಲು ಹದವಾಗಿತ್ತು, ಕೈಗಳು ಆಡುತ್ತಿದ್ದವು. ಬಾಯಿಗಳು ಮಾತ್ರ ಮುಚ್ಚಿಕೊಂಡಿದ್ದವು. ಆ ಅಂಗಳದಲ್ಲಿ ಹಾಡಿಲ್ಲದೆ ಒಂದು ಹಪ್ಪಳವೂ ಆವರೆಗೆ ಉರುಟಾದದ್ದಿಲ್ಲ.

ನಮ್ಮ ಕಡೆಯ ಹಾಡಿಗೆ ಒಂದು ಕ್ರಮವಿದೆ. ಒಬ್ಬಳು ಸೊಲ್ಲು ಎತ್ತುತ್ತಾಳೆ, ಉಳಿದವರು ಹಿಡಿಯುತ್ತಾರೆ. ಎತ್ತುವವಳು ಎಲ್ಲಾದರೂ ನಿಂತರೆ ಹಿಡಿಯುವವರು ಕಾಯಬೇಕು, ಮುಂದೆ ನುಗ್ಗುವ ಹಾಗಿಲ್ಲ. ಮೂವತ್ತು ವರ್ಷಕ್ಕೂ ಮೇಲಾಯಿತು, ಈ ಓಣಿಯಲ್ಲಿ ಎತ್ತುವವಳು ಒಬ್ಬಳೇ. ಅವಳು ಝಮಕುಬೆನ್, ಓಧವನ ತಾಯಿ. ನಾವೆಲ್ಲ ಹಿಡಿಯುವವರು. ಅವಳಿದ್ದಾಳಲ್ಲ ಎಂದು ನಾವು ಎಷ್ಟು ನೆಮ್ಮದಿಯಾಗಿದ್ದೆವೆಂದರೆ, ನಮ್ಮಲ್ಲಿ ಒಬ್ಬಳೂ ಎತ್ತುವುದನ್ನು ಕಲಿಯಲಿಲ್ಲ. ಹಾಡುಗಳೆಲ್ಲ ಬರುತ್ತವೆ, ಆದರೆ ಮೊದಲ ಸೊಲ್ಲು ಯಾರಾದರೂ ಕೊಟ್ಟರೆ ಮಾತ್ರ.

ಆ ಕೊಡುವವಳು ಅಂಗಳಕ್ಕೆ ತಾಗಿದ ಉಗ್ರಾಣದಲ್ಲಿ, ಗೋಧಿಯ ಕಣಜದ ಪಕ್ಕ, ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದಳು. ಭಾದ್ರಪದದಲ್ಲಿ ಅವಳ ಗಂಡ ತ್ರಿಕಮಭಾಯಿ ತೀರಿಹೋದ. ನಮ್ಮಲ್ಲಿ ಗಂಡ ಸತ್ತವಳು ವರ್ಷ ತುಂಬುವ ತನಕ ಮೂಲೆ ಹಿಡಿಯುತ್ತಾಳೆ. ವರ್ಷ ತುಂಬಿದ ಮೇಲೂ ಶುಭದ ಹಾಡಿಗೆ ಅವಳು ಬರುವಂತಿಲ್ಲ.

ಝಮಕುಬೆನ್ ಕಥೆ ಇಡೀ ಕಾಠಿಯಾವಾಡಕ್ಕೆ ಗೊತ್ತು. ಆದರೆ ಜನ ಹೇಳುವುದರಲ್ಲಿ ಅರ್ಧ ಉಪ್ಪುಖಾರ. ನಿಜ ಇಷ್ಟು. ಅವಳು ಪಾಲಿತಾಣದ ಕಡೆಯ ಹಳ್ಳಿಯಿಂದ ಎಳೆಯ ಸೊಸೆಯಾಗಿ ಬಂದಳು. ಇದೇ ಅಂಗಳದಲ್ಲಿ ಹಪ್ಪಳ ಲಟ್ಟಿಸುತ್ತ ಒಂದು ಸೊಲ್ಲೆತ್ತಿದಳು, ಬೀದಿಯಲ್ಲಿ ಸುತ್ತಿಗೆಗಳು ನಿಂತವು. ಕಂಚುಗಾರರ ಓಣಿಯಲ್ಲಿ ಸುತ್ತಿಗೆ ನಿಲ್ಲುವುದು ಯಾರಾದರೂ ಸತ್ತಾಗ. ಅವಳ ಮಾವ ಗಾಬರಿಯಿಂದ ಒಳಗೆ ಓಡಿಬಂದರು. ಮುಂದೆ ರಾಜಕೋಟದ ರೇಡಿಯೋದಿಂದ ಕರೆ ಬಂದಾಗ, ನಮ್ಮ ಸೊಸೆ ಪೆಟ್ಟಿಗೆಯೊಳಗೆ ಕೂತು ಊರಿಗೆಲ್ಲ ಹಾಡುವುದು ಬೇಡ ಎಂದವರೂ ಅವರೇ. ತ್ರಿಕಮಭಾಯಿ ಚೋಟಿಲಾ ಬೆಟ್ಟದ ದೇವಿಗೆ ಹರಕೆಯಿದೆಯೆಂದು ಸುಳ್ಳು ಹೇಳಿ ಹೆಂಡತಿಯನ್ನು ರಾಜಕೋಟಕ್ಕೆ ಕರೆದುಕೊಂಡು ಹೋದ. ಹಾಡು ಬಂದ ದಿನ ಮಾವ ಚಹಾದಂಗಡಿಯಲ್ಲಿ ಕೂತು ಕೇಳಿ, ಮನೆಗೆ ಬಂದು, ಹರಕೆ ಚೆನ್ನಾಗಿ ತೀರಿತು ಅಂದರಂತೆ.

ಆಮೇಲೆ ಅವಳನ್ನು ತಡೆಯುವವರಿರಲಿಲ್ಲ. ಊರೂರಿನ ಹಾಡಿನ ಬೈಠಕ್ಕು, ನವರಾತ್ರಿ, ಮುಂಬಯಿ, ಒಮ್ಮೆ ವಿಮಾನ ಹತ್ತಿ ಮೊಂಬಾಸಾ. ಎಲ್ಲಿ ಹೋದರೂ ತ್ರಿಕಮಭಾಯಿ ಪಕ್ಕದಲ್ಲಿ ಕೂತು ತಾಳ ಹಾಕುತ್ತಿದ್ದ. ಮುಂದೆ ವಿದ್ಯುತ್ ವಾದ್ಯ ಬಂತು, ಜಿಗಿದು ಕುಣಿದು ಹಾಡುವ ಹುಡುಗಿಯರು ಬಂದರು, ಕರೆಗಳು ಕಮ್ಮಿಯಾದವು. ಉಳಿದದ್ದು ಒಂದು ಮದುವೆ ಹಾಡಿನ ಕ್ಯಾಸೆಟ್. ಅದನ್ನು ಹಾಕದ ಮದುವೆಮನೆ ಈ ಸೀಮೆಯಲ್ಲಿಲ್ಲ.

ಆ ಕ್ಯಾಸೆಟ್ ಮಾಡಿದಾಗ ಹಿಡಿಯುವವರಲ್ಲಿ ನಾನೂ ಇದ್ದೆ. ನಮ್ಮ ಮದುವೆ ಹಾಡಿನಲ್ಲಿ ಸಾಲುಸಾಲಿಗೂ ಆ ಮನೆಯವರ ಹೆಸರು ಸೇರಿಸಬೇಕು. ದಾದಾ ಅಂದರೆ ಅಜ್ಜನ ಹೆಸರು, ಬಾಪು ಅಂದರೆ ಅಪ್ಪನ ಹೆಸರು, ಮದುಮಗಳ ಹೆಸರು. ಧ್ವನಿ ತುಂಬಿಕೊಳ್ಳುವವನು, ಯಾವುದಾದರೂ ಹೆಸರು ಹಾಕಿಬಿಡಿ ಎಂದ. ಝಮಕುಬೆನ್ ಕಣ್ಣು ಮುಚ್ಚಿ ತನ್ನ ಮನೆಯವರ ಹೆಸರನ್ನೇ ಹಾಕಿದಳು. ಮದುಮಗಳ ಜಾಗದಲ್ಲಿ ಆಗಿನ್ನೂ ತೊಟ್ಟಿಲಲ್ಲಿದ್ದ ಮೊಮ್ಮಗಳು ಪಾರುಲ್. ಬಾಪುವಿನ ಜಾಗದಲ್ಲಿ ಮಗ ಓಧವ. ದಾದಾನ ಹೆಸರು ಬರುವುದು ಕೊನೆಯ, ಹೆಣ್ಣು ಕಳಿಸುವ ಹಾಡಿನಲ್ಲಿ ಮಾತ್ರ. ಆ ಜಾಗ ಬಂದಾಗ, ಒಂದು ಉಸಿರು ತಡೆದು, ತ್ರಿಕಮ ಎಂದು ಹಾಡಿಬಿಟ್ಟಳು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಪಕ್ಕದಲ್ಲಿದ್ದ ತ್ರಿಕಮಭಾಯಿಗೆ ತಾಳ ತಪ್ಪಿತು. ಕಿವಿಯಿದ್ದವರಿಗೆ ಕ್ಯಾಸೆಟ್ಟಿನಲ್ಲಿ ಅದು ಈಗಲೂ ಕೇಳುತ್ತದೆ. ಮರಳುವ ಬಸ್ಸಿನಲ್ಲಿ ಬಾಬರಾ ಊರು ಬರುವ ತನಕ ಅವನು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಇನ್ನೊಂದ್ಸಲ ಹೇಳು" ಎಂದ. ಅವಳು ಸೆರಗು ಮುಖಕ್ಕೆಳೆದುಕೊಂಡು ಕಿಟಕಿಯ ಕಡೆ ತಿರುಗಿದಳು. ಅವನು ಬದುಕಿರುವ ತನಕ ಮತ್ತೆ ಹೇಳಲಿಲ್ಲ.

ಹಪ್ಪಳದ ದಿನ ನಮ್ಮ ಮೌನ ಕಂಡು ಮೊದಲು ರೇಗಿದವಳು ಪಾರುಲ್. ಮಹಡಿಯಿಂದ ಇಳಿದು ಬಂದವಳೇ, ಇದೇನು ಮದುವೆ ಹಪ್ಪಳವೋ ತಿಥಿ ಹಪ್ಪಳವೋ ಅಂದಳು. ದಾದಿಮಾ ಹೊರಗೆ ಬರಬಾರದಿದ್ದರೆ ಬೇಡ, ಒಳಗಿನಿಂದಲೇ ಎತ್ತಲಿ ಅಂದಳು. ಅವಳ ತಾಯಿ ಲಾಭು ಹಿಟ್ಟಿನ ಕೈಯನ್ನೇ ಎತ್ತಿ, ಶುಭದ ದಿನ ಬಾಯಿಗೆ ಬಂದದ್ದು ಆಡಬೇಡವೆಂದು ಗದರಿದಳು. ನಾವು ತಲೆ ತಗ್ಗಿಸಿ ಲಟ್ಟಿಸಿದೆವು. ಉಗ್ರಾಣದಲ್ಲಿ ಯಾರೋ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ಹನ್ನೆರಡು ಲಟ್ಟಣಿಗೆಗಳೂ ಒಮ್ಮೆಗೇ ನಿಂತವು. ಆದರೆ ಒಳಗಿಂದ ಮತ್ತೇನೂ ಬರಲಿಲ್ಲ. ಬೀದಿಯ ಕಡೆಯ ಕೆಲಸದ ಕೊಟ್ಟಿಗೆಯಲ್ಲಿ ಓಧವ ಮಗಳಿಗೆ ಕೊಡುವ ಹಂಡೆ ಬಡಿಯುತ್ತಿದ್ದ. ಮನೆಯಲ್ಲಿ ಮಾತು ಏರಿದಷ್ಟೂ ಅವನ ಸುತ್ತಿಗೆ ಏರುತ್ತದೆ. ಅವತ್ತು ಹಂಡೆ ಒಡೆದುಹೋಗುತ್ತದೇನೋ ಅನ್ನಿಸಿತು.

ನಮ್ಮೆರಡು ಮನೆಗೂ ಇರುವುದು ಒಂದೇ ಗೋಡೆ. ಅವರ ಒಗ್ಗರಣೆಯ ಸಾಸಿವೆ ನಮ್ಮಲ್ಲಿ ಸಿಡಿಯುತ್ತದೆ. ಆ ಸಂಜೆ ಊಟಕ್ಕೆ ಸಜ್ಜೆ ರೊಟ್ಟಿ, ಬದನೆಕಾಯಿ. ತಟ್ಟೆ ಇಟ್ಟ ಸದ್ದು ಕೇಳಿತು, ಆಮೇಲೆ ತಟ್ಟೆ ದೂಡಿದ ಸದ್ದು.

"ಚಿಕ್ಕೋಳಿದ್ದಾಗಿಂದ ದಾದಿಮಾ ಹೇಳ್ತಾನೇ ಇದ್ಲು, ನಿನ್ನ ನಾನೇ ಹಾಡಿ ಕಳಿಸ್ತೀನಿ ಅಂತ," ಎಂದಳು ಪಾರುಲ್. "ಊರಿನ ಹುಡ್ಗೀರ್ನೆಲ್ಲ ಕಳಿಸಿದಾಳೆ. ನಾನೊಬ್ಳು ಮೂಗೀರ ಮನೆಯಿಂದ ಹೋದ ಹಾಗೆ ಹೋಗ್ಬೇಕಾ?"

"ಹೋಗಿ ಸುಖವಾಗಿರು ಅಂತ ತಾನೇ ನಾನು ಬಡ್ಕೊಳ್ಳೋದು. ನಿನ್ನ ದೊಡ್ಡಮ್ಮನ ಕತೆ ಗೊತ್ತಿಲ್ವಾ ನಿಂಗೆ?"

ಆ ಕತೆ ನಮಗೆಲ್ಲ ಗೊತ್ತು. ಲಾಭುವಿನ ಅಕ್ಕನಿಗೆ ಮದುವೆಯಲ್ಲಿ ಅರಿಶಿನ ಹಚ್ಚಿದವರಲ್ಲಿ, ಪ್ರೀತಿಯಿಂದ ತಡೆಯಲಾರದೆ, ಒಬ್ಬ ವಿಧವೆ ಸೋದರತ್ತೆಯೂ ಕೈಯಿಟ್ಟಿದ್ದಳು. ವರ್ಷದೊಳಗೆ ಅಕ್ಕನ ಬಳೆ ಒಡೆದರು. ಆ ಗಂಡಿಗೆ ಮೊದಲೇ ಎದೆಯ ಕಾಯಿಲೆಯಿತ್ತು ಎಂದು ಆಮೇಲೆ ತಿಳಿಯಿತು. ತಿಳಿದು ಏನು ಪ್ರಯೋಜನ, ಲಾಭುವಿನ ಎದೆಯಲ್ಲಿ ಹೆದರಿಕೆ ಅಷ್ಟರಲ್ಲಿ ಬೇರು ಬಿಟ್ಟಿತ್ತು. ಅವಳು ಕೆಟ್ಟವಳಲ್ಲ. ಮೂಲೆಯಲ್ಲಿ ಕೂತ ಅತ್ತೆಗೆ ಬಿಸಿ ರೊಟ್ಟಿಗೆ ತುಪ್ಪ ಸವರಿ, ಹಲ್ಲಿಗೆ ನಾಟದಂತೆ ಮುರಿದು, ತಾನೇ ಒಯ್ದು ಕೊಡುತ್ತಿದ್ದಳು. ಹಾಡಲು ಮಾತ್ರ ಬಿಡಳು.

ಪಾರುಲ್ ಎರಡೂ ಹೊತ್ತಿನ ಊಟ ಬಿಟ್ಟಳು. ಓಧವ ಊಟಕ್ಕೆ ಕೂತು ಮಗಳ ಮುಖ, ಹೆಂಡತಿಯ ಮುಖ ನೋಡಿ, ಮಜ್ಜಿಗೆ ಕುಡಿದು ಎದ್ದುಹೋಗುತ್ತಿದ್ದ. ಇದನ್ನು ಹೀಗೇ ಬಿಟ್ಟರೆ ಮದುಮಗಳು ಕಡ್ಡಿಯಾಗುತ್ತಾಳೆಂದು ನಾನೇ ಒಂದು ಮಧ್ಯಾಹ್ನ ಉಗ್ರಾಣಕ್ಕೆ ಹೋದೆ. ಝಮಕುಬೆನ್ ನೆಲ್ಲಿಕಾಯಿ ಬಣ್ಣದ ಸಾದಾ ಸೀರೆಯುಟ್ಟು, ಮದುವೆಯ ಗೋಧಿ ಆರಿಸುತ್ತಿದ್ದಳು. ಕೆಲಸಕ್ಕೆ ಅವಳ ಕೈ ಆಗುತ್ತದೆ, ಅದಕ್ಕೆ ಯಾರ ತಕರಾರೂ ಇಲ್ಲ. ನಾನು ನಶ್ಯದ ಡಬ್ಬಿ ಮುಂದಿಟ್ಟೆ. ಅವಳು ಒಂದು ಚಿಟಿಕೆ ತೆಗೆದುಕೊಂಡು ಹಲ್ಲಿಗೆ ಉಜ್ಜಿದಳು. ಗಂಡ ಹೋದ ಮೇಲೆ ಕಲಿತ ಚಟ ಅದು.

ನಾನು ಹೇಳುವುದನ್ನೆಲ್ಲ ಹೇಳಿದೆ. ಓಣಿಯ ಹೆಂಗಸರೆಲ್ಲ ಒಟ್ಟಾಗಿ ಲಾಭುವನ್ನು ಒಪ್ಪಿಸುತ್ತೇವೆ, ಕಾಲ ಬದಲಾಗಿದೆ, ಅಹಮದಾಬಾದಿನಲ್ಲಿ ಇದನ್ನೆಲ್ಲ ಯಾರೂ ನೋಡುವುದಿಲ್ಲ ಎಂದೆ.

"ಜೀವಿ ನೆನಪಿದಾಳಾ ನಿಂಗೆ?" ಎಂದಳು ಅವಳು, ಗೋಧಿಯಿಂದ ಕಣ್ಣೆತ್ತದೆ.

ಜೀವಿ ತ್ರಿಕಮಭಾಯಿಯ ತಂಗಿ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಸತ್ತು ಎಷ್ಟೋ ಕಾಲವಾಯಿತು.

"ಓಧವನ ಮದುವೇಲಿ ಬಂದು ಮುಂದಿನ ಸಾಲಲ್ಲಿ ಕೂತಿದ್ಲು. ಒಳ್ಳೆ ಕಂಠ ಅವಳ್ದು. ನಾನೇ ಎಬ್ಬಿಸ್ದೆ. ಜೀವಿಬೆನ್, ಹಿಂದೆ ಹೋಗಮ್ಮ ಅಂದೆ. ಎಲ್ರೆದುರಿಗೆ. ಸುಮ್ನೆ ಎದ್ದು ಇಲ್ಲೇ ಬಂದು ಕೂತ್ಲು, ಈ ಕಣಜದ ಪಕ್ಕ. ಈಗ ನನ್ನ ಸರದಿ ಬಂತು ಅಂತ ನಿಯಮ ಕೆಟ್ಟದ್ದು ಅಂದ್ರೆ ಅವಳು ನಗಲ್ವಾ?"

"ಅವಳು ಎಲ್ಲಿ ನಗ್ತಾಳೆ, ಸತ್ತೋಳು."

"ಅದಕ್ಕೇ. ತಪ್ಪಾಯ್ತು ಅನ್ನೋಕೂ ಈಗ ಅವಳಿಲ್ಲ," ಎಂದಳು. ಇನ್ನೊಂದು ಹಿಡಿ ಗೋಧಿ ಮುಂದಕ್ಕೆಳೆದುಕೊಂಡಳು. "ಆಸೆ ಇಲ್ಲ ಅಂತ ಅಲ್ಲ ರಳಿಯಾತ್. ಮಲಗಿದ್ರೆ ಆ ಹಾಡೇ ಗಂಟಲಲ್ಲಿ ಬಂದು ಕೂತ್ಕೊಳ್ಳುತ್ತೆ. ಆದ್ರೆ ನಾಳೆ ಆ ಹುಡುಗಿಗೆ ಒಂದು ಕಾಲು ಉಳುಕಿದ್ರೂ ನಾನು ಹಾಡಿದ್ದಕ್ಕೇ ಅಂತ ನಂಗೇ ಅನ್ಸುತ್ತೆ. ಲಾಭು ಅಲ್ಲ, ನಂಗೇ."

 ಇಬ್ಬರೂ ಕೂತು ಗೋಧಿ ಆರಿಸಿದೆವು. ಮೊದಲಾಗಿದ್ದರೆ ಆ ಕೆಲಸಕ್ಕೂ ಒಂದು ಹಾಡಿರುತ್ತಿತ್ತು.

ಕೊನೆಗೆ ದಾರಿ ಕಂಡುಹಿಡಿದವನು ಓಧವ. ಮನೆಯಲ್ಲಿ ಬಾಯಿ ಬಿಡುವುದೇ ಅಪರೂಪ, ಹಾಗಾಗಿ ಅವನು ಮಾತಾಡಿದರೆ ಎಲ್ಲರಿಗೂ ಅದು ದೊಡ್ಡ ಮಾತಾಗಿ ಕೇಳುತ್ತದೆ. ಕ್ಯಾಸೆಟ್ ಹಾಕೋಣ ಎಂದ. ಧ್ವನಿ ಅಮ್ಮನದೇ, ಹೆಸರುಗಳೂ ನಮ್ಮ ಮನೆಯವೇ, ಪಾರುಲ್‌ಳ ಹೆಸರು ಕೂಡ ಇದೆ. ಹಾಡಿದಾಗ ಬಾಪುಜಿ ಪಕ್ಕದಲ್ಲೇ ಕೂತಿದ್ದರು, ಅಂದರೆ ಅದು ಮುತ್ತೈದೆಯ ಧ್ವನಿ. ಇನ್ನೇನು ತೊಂದರೆ?

ಲಾಭುವಿನ ಮುಖ ಅರಳಿತು. ಓಣಿಯೆಲ್ಲ ಓಧವನನ್ನು ಹೊಗಳಿತು. ನಾನೂ ಹೊಗಳಿದೆ, ಸುಳ್ಳೇಕೆ ಹೇಳಲಿ. ಪಾರುಲ್ ಮಾತ್ರ, ನಂಗೆ ಡಬ್ಬಿ ಬೇಡ, ದಾದಿಮಾ ಬೇಕು ಎಂದಳು. ಆದರೆ ಊಟ ಶುರುಮಾಡಿದಳು.

ಉಗ್ರಾಣಕ್ಕೆ ರೊಟ್ಟಿ ಒಯ್ದಾಗ ಲಾಭು ಈ ಏರ್ಪಾಡನ್ನು ಅತ್ತೆಗೆ ಸಂತೋಷದಿಂದಲೇ ತಿಳಿಸಿದಳು. ನಾನು ಅಲ್ಲೇ ಇದ್ದೆ.

"ಹಾಗಾದ್ರೆ ನನ್ನ ಗಂಟಲು ಮುತ್ತೈದೆ, ನಾನು ವಿಧವೆ," ಎಂದು ಝಮಕುಬೆನ್ ನಕ್ಕಳು. ನಕ್ಕ ಮೇಲೆ ರೊಟ್ಟಿಯ ಚೂರು ಕೈಯಲ್ಲೇ ಹಿಡಿದು, "ಅದ್ರಲ್ಲಿ ಎಲ್ಲಾರ ಹೆಸರೂ ಇದೆ ವಹು. ಒಂದ್ಸಲ ಪೂರ್ತಿ ಹಾಕಿ ಕೇಳು" ಎಂದಳು.

"ಕೇಳೀ ಕೇಳೀ ನನ್ನ ಕಿವಿ ತೂತು ಬಿದ್ದಿದೆ ಮಾ. ಈ ಮನೆಗೆ ಬಂದಾಗಿಂದ ಬೇರೇನು ಕೇಳಿದೀನಿ ನಾನು?" ಎಂದು ಲಾಭು ಹಗುರವಾಗಿ ಹೇಳಿ ಎದ್ದುಹೋದಳು.

ನಮ್ಮಲ್ಲಿ ಸೊಸೆಯರನ್ನು ಕರೆಯುವ ಹಾಗೆ ಝಮಕುಬೆನ್ ಲಾಭುವನ್ನು ವಹು ಎಂದೇ ಕರೆಯುವುದು. ಮತ್ತೆ ಕರೆಯಬಹುದಿತ್ತು, ಕರೆಯಲಿಲ್ಲ. ಬಿಡಿಸಿ ಹೇಳಬೇಕೆಂದರೆ ಹೆಸರು ಹೇಳಬೇಕಾಗುತ್ತಿತ್ತು. ಎಲ್ಲರ ಹೆಸರು ಎಂದರೆ ಯಾರ ಹೆಸರೆಂದು ನನಗೂ ಆಗ ಹೊಳೆಯಲಿಲ್ಲ. ಊರೂರ ಮದುವೆಯಲ್ಲಿ ಅಷ್ಟು ಸಲ ಕೇಳಿದ ಹಾಡು, ಕಿವಿ ಅದನ್ನು ಕೇಳುವುದನ್ನೇ ಬಿಟ್ಟಿತ್ತು.

ಮದುವೆಗೆ ಮುಂಚಿನ ಸಂಜೆಗಳಲ್ಲಿ ನಮ್ಮಲ್ಲಿ ಹೆಣ್ಣಿನ ಮನೆಗೆ ಹೆಂಗಸರು ಬಂದು ಹಾಡುವುದು ವಾಡಿಕೆ. ಅಂಗಳದ ನಡುವೆ ಮೊದಲು ಝಮಕುಬೆನ್ ಕೂರುತ್ತಿದ್ದ ಜಾಗದಲ್ಲಿ ಈಗ ಸ್ಟೂಲು, ಅದರ ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಟೇಪ್ ರೆಕಾರ್ಡರ್. ಲಾಭು ಅದಕ್ಕೂ ಕುಂಕುಮ ಇಟ್ಟಳು. ಗುಂಡಿ ಒತ್ತಿದಾಗ ಝಮಕುಬೆನ್‌ಳ ಆಗಿನ ಗಟ್ಟಿ ಧ್ವನಿ ಬಂತು, ನಾವು ಹಿಡಿದೆವು.

ಹಿಡಿಯಲು ಹೋದಾಗಲೇ ಗೊತ್ತಾದದ್ದು, ಕ್ಯಾಸೆಟ್ ಯಾರಿಗೂ ಕಾಯುವುದಿಲ್ಲ. ಎದುರಿಗೆ ಕೂತ ಝಮಕುಬೆನ್ ನಮ್ಮ ಬಾಯಿ ನೋಡಿ ಸೊಲ್ಲು ಬಿಡುತ್ತಿದ್ದಳು. ಒಬ್ಬಳಿಗೆ ಕೆಮ್ಮು ಬಂದರೆ ಎಳೆದು ನಿಲ್ಲಿಸುತ್ತಿದ್ದಳು, ಯಾರೋ ಹೊಸಬಳು ಬಂದರೆ ಅವಳ ಗಂಡನ ಹೆಸರು ಸೇರಿಸಿ ನಗಿಸುತ್ತಿದ್ದಳು. ಇದೋ, ನಾವು ಅರ್ಧ ಹಿಡಿಯುವಷ್ಟರಲ್ಲಿ ಮುಂದಿನ ಸೊಲ್ಲಿಗೆ ಹೋಗಿರುತ್ತದೆ. ಮೊದಲ ಸಂಜೆ ಹಿಂದೆ ಹಿಂದೆ ಓಡಿದೆವು. ಎರಡನೆಯ ಸಂಜೆ ಸುಸ್ತಾಯಿತು. ಮೂರನೆಯ ಸಂಜೆ ಅದು ತನ್ನ ಪಾಡಿಗೆ ಹಾಡಿಕೊಳ್ಳುತ್ತಿತ್ತು, ನಾವು ನಮ್ಮ ಪಾಡಿಗೆ ಕಡಲೆಹಿಟ್ಟಿನ ಗಾಂಠಿಯಾ ತಿನ್ನುತ್ತ ಸೊಸೆಯರನ್ನು ಬೈದುಕೊಳ್ಳುತ್ತಿದ್ದೆವು. ಏಳುವಾಗ ಲಾಭು ವಾಡಿಕೆಯಂತೆ ಒಬ್ಬೊಬ್ಬರಿಗೂ ಹಿತ್ತಾಳೆಯ ಬಟ್ಟಲು ಕೊಟ್ಟಳು. ಹಾಡಿದವರಿಗೆ ಕೊಡುವ ಬಟ್ಟಲು ಅದು. ತೆಗೆದುಕೊಳ್ಳಲು ನಾಚಿಕೆಯಾಯಿತು, ಆದರೂ ತೆಗೆದುಕೊಂಡೆ.

ಉಗ್ರಾಣದ ಬಾಗಿಲು ಆ ಸಂಜೆಗಳಲ್ಲಿ ಪೂರ್ತಿ ಮುಚ್ಚಿರುತ್ತಿತ್ತು. ಒಮ್ಮೆ ನಾನು ನೀರು ಕುಡಿಯುವ ನೆಪದಲ್ಲಿ ಹೋಗಿ ಸಂದಿಯಿಂದ ನೋಡಿದೆ. ಝಮಕುಬೆನ್ ದೀಪ ಹಾಕದೆ ಕೂತಿದ್ದಳು. ಹೊರಗೆ ಅವಳದೇ ಧ್ವನಿ ಒಂಟಿಯಾಗಿ ಹಾಡುತ್ತಿತ್ತು, ಹಿಡಿಯುವವರಿಲ್ಲದೆ. ಅವಳ ಬೆರಳು ಮಂಡಿಯ ಮೇಲೆ ತಾಳ ಹಾಕುತ್ತಿತ್ತು. ನಾನು ನೀರು ಕುಡಿಯದೆ ವಾಪಸು ಬಂದೆ.

ಅರಿಶಿನದ ದಿನ ಪಾರುಲ್ ಮೈತುಂಬ ಅರಿಶಿನ ಬಳಿದುಕೊಂಡೇ ಉಗ್ರಾಣಕ್ಕೆ ನುಗ್ಗಿದಳಂತೆ. ಲಾಭು ಹಿಂದೆಯೇ ಓಡಿದಳು. ಅಷ್ಟರಲ್ಲಿ ಝಮಕುಬೆನ್ ಕಣಜದ ಹಿಂದೆ ಸರಿದು, ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡು, "ಮುಟ್ಬೇಡ ಮಗಾ, ಅಲ್ಲೇ ನಿಲ್ಲು" ಎಂದಳಂತೆ. ಪಾರುಲ್ ಹೊರಗೆ ಬಂದು ನೇರ ಮಹಡಿ ಹತ್ತಿದಳಂತೆ. ಇದನ್ನು ನನಗೆ ಹೇಳಿದವಳು ಲಾಭುವೇ. ಹೇಳುವಾಗ ಅವಳ ಕಣ್ಣಲ್ಲೂ ನೀರಿತ್ತು. ಅತ್ತೆ ಹಟ ಹಿಡಿದಿದ್ದರೆ ಜಗಳವಾಡುವುದು ಸುಲಭವಾಗಿರುತ್ತಿತ್ತು ಕಾಕಿ ಎಂದಳು.

ಮದುವೆ ಚೆನ್ನಾಗಿಯೇ ಆಯಿತು. ವಢವಾಣದಿಂದ ಗಂಡಿನ ಕಡೆಯವರು ಎರಡು ಬಸ್ಸು ತುಂಬ ಬಂದರು. ಗೋಧಿನುಚ್ಚಿನ ಸಿಹಿ ಲಾಪಸಿಗೆ ತುಪ್ಪ ಕಮ್ಮಿಯಾಯಿತೆಂದು ಒಬ್ಬ ಮಾವ ಮುಖ ಊದಿಸಿದ, ಇನ್ನಷ್ಟು ಸುರಿದರು, ಇಳಿಯಿತು. ಓಣಿಯಲ್ಲಿ ಅವತ್ತು ಯಾರೂ ಸುತ್ತಿಗೆ ಎತ್ತಲಿಲ್ಲ. ಧಾರೆ, ಸಪ್ತಪದಿ ಎಲ್ಲಕ್ಕೂ ಕ್ಯಾಸೆಟ್ಟೇ ಹಾಡಿತು, ಕಂಬಕ್ಕೆ ಕಟ್ಟಿದ ಧ್ವನಿವರ್ಧಕದಿಂದ. ವಢವಾಣದ ಬೀಗಿತಿ, ಇದು ನಿಮ್ಮ ಝಮಕುಬೆನ್ ಅಲ್ವಾ, ನಮ್ಮನೇಲೂ ಇದೇ ಹಾಕಿದ್ವಿ ಎಂದಳು. ಆ ಝಮಕುಬೆನ್ ಹತ್ತು ಮೊಳ ಆಚೆಯ ಬಾಗಿಲ ಹಿಂದೆ ಕೂತಿದ್ದಾಳೆಂದು ಯಾರೂ ಹೇಳಲಿಲ್ಲ.

ಬಿಸಿಲು ಇಳಿಯುವಾಗ ಹೆಣ್ಣು ಕಳಿಸುವ ಹೊತ್ತು ಬಂತು. ಹೊಸಿಲ ಮೇಲೆ ನೀರು ತುಂಬಿದ ಹಿತ್ತಾಳೆ ಕೊಡ ಇಟ್ಟರು. ಕಳಿಸುವ ಹಾಡು ಎತ್ತಿದ ಮೇಲೆ ಹೆಣ್ಣು ಅದನ್ನು ದಾಟಬೇಕು. ಆ ಹಾಡು ಕ್ಯಾಸೆಟ್ಟಿನ ಕೊನೆಯಲ್ಲಿದೆ. ಹೆಣ್ಣು ಹೊರಡುವ ಹೊತ್ತಿಗಲ್ಲದೆ ಬೇರೆ ಹೊತ್ತಿನಲ್ಲಿ ಅದನ್ನು ಹಾಕಬಾರದು, ಹಾಗಾಗಿ ಆ ಸಂಜೆಗಳಲ್ಲಿ ಯಾರೂ ಅಲ್ಲಿಯ ತನಕ ಓಡಿಸಿರಲಿಲ್ಲ. ಲಾಭು ಗುಂಡಿ ಒತ್ತಿದಳು.

ತುಂಬಿದ ಕೊಡ ಹೊಸಿಲ ಮೇಲೆ, ಮೆಲ್ಲಗೆ ದಾಟೇ ಮಗಳೇ, ಎಂದು ಧ್ವನಿ ಬಂತು. ಪಾರುಲ್ ಕಾಲೆತ್ತಿದಳು.

ಬಾಗಿಲಲ್ಲಿ ನಿಂತಿಹರು ತ್ರಿಕಮ ದಾದಾ, ತಿರುಗಿ ನೋಡೇ ಮಗಳೇ.

ಓಣಿಯ ಈ ತುದಿಯಿಂದ ಆ ತುದಿಯ ತನಕ ಕೇಳಿತು. ಅಂಗಳದಲ್ಲಿದ್ದ ನಮ್ಮವರೆಲ್ಲರ ಮುಖ ಬಾಗಿಲ ಕಡೆ ತಿರುಗಿತು, ಅಲ್ಲಿ ನಿಜಕ್ಕೂ ಯಾರೋ ನಿಂತಿದ್ದಾರೆಂಬಂತೆ. ಬೀಗಿತಿ ಪಕ್ಕದವಳ ಕಿವಿಯಲ್ಲಿ, "ತ್ರಿಕಮ ದಾದಾ ಅಂದ್ರೆ ಹೋದ ಭಾದ್ರಪದದಲ್ಲಿ ಹೋದ್ರಲ್ಲ, ಅವರೇ ಅಲ್ವಾ?" ಎಂದಳು. ಮೆಲ್ಲಗೇ ಎಂದಳು, ಆದರೆ ಅಷ್ಟು ಸಾಕಾಯಿತು. ಲಾಭುವಿನ ಮುಖ ಬಿಳುಚಿತು. ವಿಧವೆ ಹಾಡಬಾರದೆಂದು ಅಷ್ಟೆಲ್ಲ ಕಾದವಳು, ಹೆಣ್ಣು ಹೊಸಿಲು ದಾಟುವ ಗಳಿಗೆಗೆ ಸತ್ತವನನ್ನೇ ಬಾಗಿಲಿಗೆ ಕರೆಸಿದ್ದಳು. ಓಡಿಹೋಗಿ ಗೋಡೆಯಿಂದ ತಂತಿಯನ್ನೇ ಕಿತ್ತಳು.

ಆಮೇಲಿನ ಮೌನವನ್ನು ಏನೆಂದು ಹೇಳಲಿ. ಹಾಡಿಲ್ಲ, ಸುತ್ತಿಗೆಯಿಲ್ಲ. ಕಂಚುಗಾರರ ಓಣಿಯಲ್ಲಿ ಆ ಮೌನ ಯಾವಾಗ ಬರುತ್ತದೆಂದು ನಮಗೆಲ್ಲ ಗೊತ್ತು. ಪಾರುಲ್ ಎತ್ತಿದ ಕಾಲನ್ನು ಮತ್ತೆ ಒಳಗೇ ಇಟ್ಟಳು. ಹಾಡಿಲ್ಲದೆ ಹೆಣ್ಣು ಹೊಸಿಲು ದಾಟುವಂತಿಲ್ಲ. ಲಾಭು ನಮ್ಮ ಕಡೆ ನೋಡಿದಳು. ಹನ್ನೆರಡು ಹೆಂಗಸರು, ಎಲ್ಲರಿಗೂ ಆ ಹಾಡು ಗೊತ್ತು, ಎಲ್ಲರೂ ಹಿಡಿಯುವವರು. ನಾನು ಬಾಯಿ ತೆರೆದೆ. ಮೊದಲ ಸೊಲ್ಲು ಯಾವ ಎತ್ತರದಲ್ಲಿ ಹಿಡಿಯಬೇಕೆಂದು ಹೊಳೆಯದೆ ಮುಚ್ಚಿಕೊಂಡೆ.

ಲಾಭು ಉಗ್ರಾಣದ ಬಾಗಿಲಿಗೆ ಹೋಗಿ ನಿಂತಳು. ಎಲ್ಲರೆದುರಿಗೇ, ಬೀಗರೆದುರಿಗೇ.

"ಮಾ, ಎತ್ತಿ."

ಒಳಗಿನಿಂದ ಉತ್ತರ ಬಂತು. "ನಾನು ಎತ್ತಲ್ಲ ವಹು. ನೀನೇ ಎತ್ತು.‍"

"ನಂಗೆ ಬರಲ್ಲ. ನನ್ನ ಗಂಟಲು ನಿಮಗೆ ಗೊತ್ತಲ್ಲ."

"ನಿನ್ನ ಗಂಟಲು ಹೇಗಿದೆ ಅಂತ ಈಗ ಯಾರು ಕೇಳಿದ್ರು? ಹುಡುಗಿ ಹೊಸಿಲಲ್ಲಿ ನಿಂತಿದಾಳೆ. ತಾಯಿ ನೀನು, ಮುತ್ತೈದೆ, ನಿನಗಿಂತ ಬೇಕಾ? ಕೆಳಗಿನಿಂದ ಶುರು ಮಾಡು, ಹಂ, ಇಷ್ಟು." ಒಳಗೆ ಒಂದು ಸಣ್ಣ ಗುನುಗು ಕೇಳಿತು, ಬರೀ ಶ್ರುತಿ.

ಲಾಭು ಬಾಗಿಲ ಚೌಕಟ್ಟು ಹಿಡಿದುಕೊಂಡು ಎತ್ತಿದಳು. ಬಿರುಕು ಬಿಟ್ಟ ಗಂಟಲು, ಅಳು ಬೇರೆ. ತುಂಬಿದ ಕೊಡ ಹೊಸಿಲ ಮೇಲೆ. ನಾವು ಹಿಡಿದೆವು. ಸ್ವರ ಅತ್ತಿತ್ತ ಹೋಯಿತು, ಆದರೂ ಎಷ್ಟೋ ದಿನಗಳ ಮೇಲೆ ನಮಗಾಗಿ ಕಾಯುವ ಒಬ್ಬಳು ಎದುರಿಗಿದ್ದಳು. ದಾದಾನ ಸಾಲು ಬಿಟ್ಟು ಅವಳು ನೇರ ಬಾಪುವಿನ ಸಾಲಿಗೆ ಬಂದಳು. ಅಂಗಳದಲ್ಲಿ ನಿಂತಿಹರು, ಎಂದಳು.

ಅಷ್ಟಕ್ಕೇ ನಿಂತಳು. ಮುಂದೆ ಬರುವುದು ಅವಳ ಗಂಡನ ಹೆಸರು.

ಓಧವ ಕೆಂಪು ರುಮಾಲು ಸುತ್ತಿಕೊಂಡು ಅಂಗಳದ ನಡುವೆಯೇ ನಿಂತಿದ್ದ. ಅವನ ಹೆಸರು ಲಾಭುವಿನ ಬಾಯಿಂದ ಮದುವೆಯಾದಾಗಿನಿಂದ ಒಮ್ಮೆಯೂ ಬಂದದ್ದಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಮಗಳ ಕೈಲಿ ಹೇಳಿಸುತ್ತಿದ್ದಳು. ತುಟಿ ಅಲುಗಿತು, ಮಾತು ಹೊರಡಲಿಲ್ಲ. ನಾನು ಹೇಳಬಹುದಿತ್ತು, ಓಧವ ನಾನು ಎತ್ತಿ ಆಡಿಸಿದ ಹುಡುಗ. ಆದರೆ ಎತ್ತುವವಳು ನಿಂತಲ್ಲಿ ಹಿಡಿಯುವವರು ನುಗ್ಗುವ ಹಾಗಿಲ್ಲ. ನಾವು ಕಾದೆವು. ಪಾರುಲ್ ಕಾದಳು. ಅಂಗಳದಲ್ಲಿ ನಿಂತಿಹರು ಎಂಬ ಅರ್ಧ ಸಾಲು ಗಾಳಿಯಲ್ಲಿ ಹಾಗೇ ನಿಂತಿತ್ತು.

ಆಗ ಉಗ್ರಾಣದೊಳಗಿನಿಂದ ಬಂತು.

ಓಧವ ಬಾಪು, ತಿರುಗಿ ನೋಡೇ ಪಾರುಲ್.

ಅದು ಕ್ಯಾಸೆಟ್ಟಿನ ಧ್ವನಿಯಾಗಿರಲಿಲ್ಲ. ತಿಂಗಳುಗಟ್ಟಲೆ ಹುಣಿಸೆಹಣ್ಣು ಕಾಣದ ಹಿತ್ತಾಳೆಯ ಪಾತ್ರೆಯಂತೆ ಕಪ್ಪಾಗಿತ್ತು, ಆದರೆ ತಟ್ಟಿದರೆ ಒಳಗಿನ ನಾದ ಅದೇ. ನಾವು ಯೋಚಿಸುವ ಮೊದಲೇ ಹಿಡಿದಿದ್ದೆವು. ಲಾಭು ಹಿಡಿದಳು. ಬೀಗಿತಿಯೂ ಹಿಡಿದಳು, ಆಮೇಲೆ ತನಗೇ ಆಶ್ಚರ್ಯವಾಗಿ ಬಾಯಿಗೆ ಸೆರಗಿಟ್ಟಳು. ಪಾರುಲ್ ತಿರುಗಿ ನೋಡಿದಳು. ಹಾಡಿನಲ್ಲಿ ಹೇಳಿದಂತೆ ಅಪ್ಪನ ಕಡೆಯಲ್ಲ, ಉಗ್ರಾಣದ ಕಡೆ. ನೋಡಿ, ಕೊಡ ದಾಟಿದಳು.

ಮುಂದಿನ ಸೊಲ್ಲುಗಳನ್ನು ಲಾಭುವೇ ಎತ್ತಿದಳು. ಎಲ್ಲೂ ಮತ್ತೆ ಒಳಗಿನ ಧ್ವನಿ ಬರಲಿಲ್ಲ. ಕಾರು ಓಣಿಯ ತಿರುವು ದಾಟಿದ ಮೇಲೆ ನಾನು ಉಗ್ರಾಣಕ್ಕೆ ಹೋದೆ. ಝಮಕುಬೆನ್ ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು ಕೂತಿದ್ದಳು. ನನ್ನನ್ನು ಕಂಡು ತೆಗೆದಳು.

"ಏನೂ ಆಗಲ್ಲ ಅಲ್ವಾ ರಳಿಯಾತ್? ಒಂದೇ ಸಾಲು ತಾನೇ."

"ಏನೂ ಆಗಲ್ಲ."

"ಮಗನ ಹೆಸರು ತಾಯಿ ಹೇಳ್ಬಹುದು. ಅಷ್ಟಕ್ಕೇ ಹೇಳಿದ್ದು."

ಮರುದಿನ ನೆಂಟರೆಲ್ಲ ಹೋದರು. ಪೆಂಡಾಲು ಬಿಚ್ಚಿದರು. ಮಧ್ಯಾಹ್ನದ ಹೊತ್ತಿಗೆ ವಢವಾಣದಿಂದ ಮೂಲೆಯಂಗಡಿಗೆ ಫೋನು ಬಂತು, ಪಾರುಲ್ ಸುಖವಾಗಿ ತಲುಪಿದ್ದಾಳೆ, ದಾದಿಮಾಗೆ ಹೇಳಿ ಎಂದಳಂತೆ. ಲಾಭು ಅದನ್ನು ಅತ್ತೆಗೆ ತಿಳಿಸಿ, ಉಳಿದ ಖಿಚಡಿ ಬಡಿಸಿ, ಪಾತ್ರೆ ತಿಕ್ಕಿದಳು. ಆಮೇಲೆ ಸ್ಟೂಲಿನ ಮೇಲಿದ್ದ ಟೇಪ್ ರೆಕಾರ್ಡರನ್ನು ಎತ್ತಿಕೊಂಡು ಉಗ್ರಾಣಕ್ಕೆ ಬಂದಳು. ನಾನು ಅಲ್ಲೇ ಝಮಕುಬೆನ್ ಪಕ್ಕ ಕೂತಿದ್ದೆ. ತಂತಿ ಮುಟ್ಟಲಿಲ್ಲ. ಹೊರಗೆ ಹೋಗಿ ಸೆಲ್ಲು ತಂದು ಹಾಕಿ, ಕ್ಯಾಸೆಟ್ಟನ್ನು ಕಳಿಸುವ ಹಾಡಿನ ತನಕ ಓಡಿಸಿ ನಿಲ್ಲಿಸಿದಳು. ನಿನ್ನೆ ತಾನು ಕಿತ್ತ ಜಾಗ ಅದು.

"ನೀವು ಕೇಳ್ತಾ ಇರಿ ಮಾ. ನಂಗೆ ಬಟ್ಟೆ ಒಗೆಯೋದಿದೆ," ಎಂದು ಬಾಗಿಲು ಮುಂದೆ ಎಳೆದುಕೊಂಡು ಹೋದಳು.

ಝಮಕುಬೆನ್ ನನ್ನ ಕಡೆ ನೋಡಿದಳು. "ನೀನು ಹಿಡೀಬೇಡ," ಎಂದಳು. ನಾನು ತಲೆಯಾಡಿಸಿದೆ. ಅವಳು ಗುಂಡಿ ಒತ್ತಿದಳು.

ತುಂಬಿದ ಕೊಡ. ಮೆಲ್ಲಗೆ ದಾಟೇ. ಬಾಗಿಲಲ್ಲಿ ನಿಂತಿಹರು ತ್ರಿಕಮ ದಾದಾ. ಅಲ್ಲಿ ತಾಳ ಒಂದು ಪೆಟ್ಟು ತಪ್ಪಿತು. ಕ್ಯಾಸೆಟ್ಟಿನೊಳಗಿನ ಹೆಂಗಸರು, ಅವರಲ್ಲಿ ಆಗಿನ ನಾನೂ, ಸೊಲ್ಲು ಹಿಡಿದೆವು. ಅವರೊಂದಿಗೆ, ಅವರಿಗಿಂತ ತುಸು ಹಿಂದೆ, ಬದುಕಿನುದ್ದಕ್ಕೂ ಎತ್ತಿದವಳು ಮೊದಲ ಸಲ ಹಿಡಿದಳು. ಕಣ್ಣು ಮುಚ್ಚಿ, ಪಕ್ಕದಲ್ಲಿ ಕೂತವನಿಗೆ ಮಾತ್ರ ಕೇಳುವಷ್ಟು ಸಣ್ಣಗೆ, ಬಾಗಿಲಲ್ಲಿ ನಿಂತಿಹರು ತ್ರಿಕಮ, ಎಂದಳು.

ನಾನು ಎದ್ದು ಮನೆಗೆ ಬಂದೆ. ಗೋಡೆಯಾಚೆ ಗುಂಡಿ ಒತ್ತುವ ಸದ್ದು, ಕ್ಯಾಸೆಟ್ ಹಿಂದಕ್ಕೆ ಓಡುವ ಸದ್ದು, ಮತ್ತೆ ಅದೇ ಸಾಲು, ಮತ್ತೆ ಆ ಹೆಸರು. ದೀಪ ಹಚ್ಚುವ ತನಕ ಅಷ್ಟೇ ಕೇಳುತ್ತಿತ್ತು. ಬೀದಿಯ ಕಡೆಯ ಕೊಟ್ಟಿಗೆಯಲ್ಲಿ ಓಧವ ಆವತ್ತು ಮಧ್ಯಾಹ್ನವೇ ಕೆಲಸಕ್ಕೆ ಕೂತಿದ್ದ. ಅವನ ಸುತ್ತಿಗೆ ನಿಂತು ಬಹಳ ಹೊತ್ತಾಗಿತ್ತು.